ಹದಿನೆಂಟರ ಸೆಂಟರ್ ಬ್ಯಾಕ್ ಮೇಲೆ ಎಷ್ಟು ಆಸೆ ಇಡಬಹುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಡಿಫೆಂಡರ್‌ಗಳ ಬಗ್ಗೆಯೇ ಜಾಸ್ತಿ. ಖುಷಿ ಆಯ್ತು. ಗೋಲು ಹೊಡೆದವರ ಬಗ್ಗೆ ಬರೆದೂ ಬರೆದೂ ಸಾಕಾಗಿತ್ತು.

ಪ್ರಶ್ನೆ: ಸರ್, ನಾನು ಬಾರ್ಸಿಲೋನಾ (ಬಾರ್ಸಾ) ಕ್ಲಬ್‌ನ ಅಭಿಮಾನಿ. ನಮ್ಮ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್) ಪಾವ್ ಕುಬಾರ್ಸಿ ಮೇಲೆ ಭಾಳ ಭರವಸೆ ಇದೆ, ನಮ್ಮ ಹಳೆಯ ನಾಯಕ ಪುಯೋಲ್ ಥರ ಇನ್ನೊಬ್ಬ ಆಗ್ತಾನೆ ಅಂತ ನನ್ನ ಲೆಕ್ಕ. ಆದರೆ ರೂಮಿನಲ್ಲಿರುವ ರಿಯಲ್ ಮ್ಯಾಡ್ರಿಡ್ ಅಭಿಮಾನಿ ಗೆಳೆಯರು ಬೆನ್ಫಿಕಾ ಮ್ಯಾಚಿನ ರೆಡ್ ಕಾರ್ಡ್, ಇಂಟರ್ ಮ್ಯಾಚಿನ ಪೆನಾಲ್ಟಿ ತೋರಿಸಿ ದಿನಾ ಆಡಿಕೊಳ್ತಾರೆ. ನಾನು ಸುಮ್ನೆ ಆಸೆ ಪಡ್ತಿದ್ದೇನಾ?
— ಕಾಲೇಜು ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಸುಮ್ನೆ ಅಲ್ಲ. ಹಾಗಂತ ಗೆಳೆಯರು ತೋರಿಸುವ ಕ್ಲಿಪ್‌ಗಳೂ ಸುಳ್ಳಲ್ಲ, ಅವುಗಳಿಂದಲೇ ಶುರು ಮಾಡೋಣ.

2025ರ ಮಾರ್ಚ್‌ನಲ್ಲಿ ಲಿಸ್ಬನ್‌ನಲ್ಲಿ ಬೆನ್ಫಿಕಾ ಎದುರು 22ನೇ ನಿಮಿಷಕ್ಕೇ ಕುಬಾರ್ಸಿಗೆ ರೆಡ್ ಕಾರ್ಡ್ ಬಿತ್ತು. ಅವರ ಸ್ಟ್ರೈಕರ್ ಪಾವ್ಲಿಡಿಸ್ ಒಬ್ಬನೇ ಗೋಲಿನ ಕಡೆ ನುಗ್ಗುತ್ತಿದ್ದ, ಇವನು ಬಾಕ್ಸಿನ ಹೊರಗೆ ಅವನನ್ನು ಬೀಳಿಸಿದ. ಹತ್ತೇ ಜನ ಉಳಿದರೂ ಬಾರ್ಸಾ 1-0 ಗೆದ್ದಿತು, ಅದನ್ನು ನಿಮ್ಮ ಗೆಳೆಯರು ಹೇಳಿರಲಿಕ್ಕಿಲ್ಲ. ಇನ್ನೊಂದು ಅದೇ ವರ್ಷ ಮೇ ತಿಂಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಇಂಟರ್‌ನ ಲೌಟಾರೊ ಮಾರ್ಟಿನೆಜ್ ಮೇಲೆ ಇವನು ಮಾಡಿದ ಟ್ಯಾಕಲ್‌ಗೆ ವಿಎಆರ್ (ವಿಡಿಯೊ ರೆಫರಿ) ನೋಡಿ ಪೆನಾಲ್ಟಿ ಕೊಟ್ಟರು, ಚಲ್ಹಾನೊಗ್ಲು ಗೋಲು ಮಾಡಿದ. ಎರಡು ಮ್ಯಾಚ್ ಸೇರಿ 7-6ರಲ್ಲಿ ಇಂಟರ್ ಗೆದ್ದಿತು.

ಕ್ಲಿಪ್ ಯಾವಾಗಲೂ ಟ್ಯಾಕಲ್‌ನಿಂದ ಶುರುವಾಗುತ್ತದೆ. ಆ ಪರಿಸ್ಥಿತಿ ಬಂದದ್ದು ಹೇಗೆ ಅನ್ನೋದು ಅದರಲ್ಲಿ ಇರೋದೇ ಇಲ್ಲ. ಕೋಚ್ ಹ್ಯಾನ್ಸಿ ಫ್ಲಿಕ್ ಬಂದ ಮೇಲೆ ಬಾರ್ಸಾ ಡಿಫೆಂಡರ್‌ಗಳು ಸೆಂಟರ್ ಲೈನ್ ಹತ್ತಿರವೇ ನಿಲ್ಲುತ್ತಾರೆ, ಅವರ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ಚೆಂಡು ಪಾಸ್ ಆಗುವ ಹೊತ್ತಿಗೆ ಎದುರಾಳಿ ಸ್ಟ್ರೈಕರ್, ಚೆಂಡಿಗಿಂತಲೂ, ಗೋಲ್‌ಕೀಪರ್ ಸೇರಿ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಮುಂದಿದ್ದರೆ ಆಫ್‌ಸೈಡ್, ಆ ನಿಯಮವನ್ನೇ ನಂಬಿಕೊಂಡ ಆಟ ಇದು. ಕಬಡ್ಡಿಯಲ್ಲಿ ಚೈನ್ ಹಿಡಿದ ಇಬ್ಬರಲ್ಲಿ ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೆ ರೈಡರ್ ಹೇಗೆ ಜಾರಿಹೋಗ್ತಾನೋ ಇಲ್ಲೂ ಹಾಗೇ, ನಾಲ್ಕು ಜನರಲ್ಲಿ ಯಾರೋ ಒಬ್ಬ ಹಿಂದೆ ಉಳಿದರೆ, ಅಥವಾ ಮುಂದಿರುವವರು ಪಾಸ್ ಕೊಡುವವನ ಮೇಲೆ ಒತ್ತಡ ಹಾಕದೆ ಬಿಟ್ಟರೆ, ಕೊನೆಗೆ ಓಡೋದು ಸೆಂಟರ್ ಬ್ಯಾಕ್, ಕ್ಯಾಮೆರಾಕ್ಕೆ ಸಿಗೋದೂ ಅವನೇ. ಇದೇ ಲೈನ್ 2024ರ ಅಕ್ಟೋಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನದಲ್ಲಿ ಅವರ ಎಂಬಾಪ್ಪೆಯನ್ನು ಮತ್ತೆ ಮತ್ತೆ ಆಫ್‌ಸೈಡ್‌ಗೆ ಸಿಕ್ಕಿಸಿತು, ಬಾರ್ಸಾ 4-0 ಗೆದ್ದಿತು. ಆ ಕ್ಲಿಪ್ ನೀವು ತೋರಿಸಿ.

ಈಗ ಆಸೆಯ ಮಾತಿಗೆ ಬರೋಣ. ಹುಡುಗ ಹುಟ್ಟಿದ್ದು 2007ರ ಜನವರಿಯಲ್ಲಿ. 2024ರ ಮಾರ್ಚ್‌ನಲ್ಲಿ ನಾಪೋಲಿ ಎದುರು ಒಸಿಮೆನ್‌ನಂಥ ಸ್ಟ್ರೈಕರ್‌ನನ್ನು ನೋಡಿಕೊಂಡಾಗ ಅವನಿಗೆ ಬರೀ 17, ಪಂದ್ಯಶ್ರೇಷ್ಠ ಪ್ರಶಸ್ತಿ ಅವನಿಗೇ ಬಂತು. ಅದೇ ತಿಂಗಳು ಸ್ಪೇನ್ ಪರವೂ ಆಡಿದ. ಯೂರೋ (ಯುರೋಪಿನ ದೇಶಗಳ ಕಪ್) ತಂಡದ ಅಂತಿಮ ಪಟ್ಟಿಯಿಂದ ಕೈಬಿಟ್ಟರು, ಆದರೆ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಕೊರಳಿಗೆ ಬಿತ್ತು. ಪುಯೋಲ್ ಅದೇ 17ರ ವಯಸ್ಸಿನಲ್ಲಿ ಇನ್ನೂ ಬಾರ್ಸಾ ಅಕಾಡೆಮಿಗೆ ಬಂದು ಸೇರುತ್ತಿದ್ದ, ಮೊದಲ ತಂಡಕ್ಕೆ ಆಡಿದ್ದು 21ಕ್ಕೆ, ಅದೂ ಮೊದಮೊದಲು ರೈಟ್ ಬ್ಯಾಕ್ ಆಗಿ. ಹಾಗಾಗಿ ಪುಯೋಲ್ ಜೊತೆ ಹೋಲಿಕೆ ನನಗೆ ಒಪ್ಪಿಗೆ ಇಲ್ಲ. ಪುಯೋಲ್ ಮೈಮೇಲೆ ಬಿದ್ದು ಆಡುವವನು. ಕುಬಾರ್ಸಿಯ ದೊಡ್ಡ ಗುಣ ಪಾಸ್, ಎದುರಾಳಿಯ ಇಬ್ಬರು ಮೂವರನ್ನು ದಾಟಿಸಿ ನೇರ ಮಿಡ್‌ಫೀಲ್ಡರ್ ಕಾಲಿಗೆ ಚೆಂಡು ಕೊಡೋದು. ಆ ಧೈರ್ಯ ಆ ವಯಸ್ಸಿಗೆ ಅಪರೂಪ.

ಇನ್ನೊಂದು ವಿಷಯ, ಇದನ್ನ ಅಭಿಮಾನಿಗಳು ಜಾಸ್ತಿ ಗಮನಿಸಲ್ಲ. 2024-25ರಲ್ಲಿ ಅವನ ಪಕ್ಕದಲ್ಲಿದ್ದವನು ಇನಿಗೋ ಮಾರ್ಟಿನೆಜ್, ಸುಮಾರು 16 ವರ್ಷ ದೊಡ್ಡವನು. ಲೈನ್ ಮುಂದೆ ತರೋದು, ಹಿಂದೆ ಒಯ್ಯೋದು, ಕೂಗಿ ಹೇಳೋದು, ಆ ಕೆಲಸದಲ್ಲಿ ದೊಡ್ಡ ಪಾಲು ಅವನದೇ. 2025ರ ಆಗಸ್ಟ್‌ನಲ್ಲಿ ಇನಿಗೋ ಸೌದಿಯ ಅಲ್ ನಸ್ರ್‌ಗೆ ಹೋದ. ಪಕ್ಕದಲ್ಲಿ ಹಿರಿಯ ಇಲ್ಲದಾಗ ಆ ಕೂಗುವ ಕೆಲಸ ಇವನು ಹೇಗೆ ಮಾಡ್ತಾನೆ ಅನ್ನೋದೇ ನಿಜವಾದ ಪರೀಕ್ಷೆ. ಮುಂದಿನ ಮ್ಯಾಚ್‌ನಲ್ಲಿ ಚೆಂಡು ಬಿಟ್ಟು ಅವನನ್ನೇ ಹತ್ತು ನಿಮಿಷ ನೋಡಿ. ಚೆಂಡು ಆ ಕಡೆ ಇದ್ದಾಗ ತಲೆ ತಿರುಗಿಸಿ ಹಿಂದೆ ನೋಡ್ತಾನಾ? ಕೈ ತೋರಿಸಿ ಯಾರನ್ನಾದರೂ ಸರಿಸ್ತಾನಾ? ಟಿವಿಯಲ್ಲಿ ಇದು ಪೂರ್ತಿ ಕಾಣಲ್ಲ, ಕಂಡಷ್ಟು ಸಾಕು.

ನನಗಿರೋ ಭಯ ಬೇರೆ, ಮ್ಯಾಚ್‌ಗಳ ಹೊರೆ. ಬಾರ್ಸಾ ಮಿಡ್‌ಫೀಲ್ಡರ್ ಪೆಡ್ರಿ 18ರ ವಯಸ್ಸಲ್ಲಿ ಕ್ಲಬ್, ಯೂರೋ, ಒಲಿಂಪಿಕ್ಸ್ ಅಂತ ಒಂದೇ ಸೀಸನ್‌ನಲ್ಲಿ 70ಕ್ಕೂ ಹೆಚ್ಚು ಮ್ಯಾಚ್ ಆಡಿದ, ಆಮೇಲೆ ತೊಡೆಯ ಸ್ನಾಯು ನೋವಿನಿಂದ ಎಷ್ಟು ಸಲ ಹೊರಗೆ ಕೂತ ಅಂತ ಬಾರ್ಸಾ ಅಭಿಮಾನಿಯಾದ ನಿಮಗೆ ಹೇಳಬೇಕಾಗಿಲ್ಲ ಅಲ್ವಾ. ಕುಬಾರ್ಸಿಯನ್ನು ಯಾವತ್ತಾದರೂ ಬೆಂಚ್ ಮೇಲೆ ಕೂರಿಸಿದರೆ ಕೋಚ್‌ಗೆ ಬೈಬೇಡಿ.

ಪ್ರಶ್ನೆ: ಮ್ಯಾಂಚೆಸ್ಟರ್ ಯುನೈಟೆಡ್‌ನ ಸೆಂಟರ್ ಬ್ಯಾಕ್ ಲೆನಿ ಯೋರೊ ಬಗ್ಗೆ ನಿಮ್ಮ ಅಭಿಪ್ರಾಯ? ಮುಂದಿನ ಹತ್ತು ವರ್ಷ ಇವನೇ ಅಂತ ನಮ್ಮ ಗ್ಯಾಂಗ್ ಪೂರಾ ನಂಬಿದೆ.
— ಯುನೈಟೆಡ್ ಅಭಿಮಾನಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಹತ್ತು ವರ್ಷದ ಮಾತು ಈಗಲೇ ಬೇಡ. ನಿಮ್ಮ ಕ್ಲಬ್‌ನಲ್ಲೇ ಫಿಲ್ ಜೋನ್ಸ್ ಇದ್ದ, ನೆನಪಿದೆಯಾ? 2011ರಲ್ಲಿ 19ರ ಹುಡುಗನಾಗಿ ಬ್ಲ್ಯಾಕ್‌ಬರ್ನ್‌ನಿಂದ ಬಂದ. ಕ್ಲಬ್‌ನ ಇತಿಹಾಸದಲ್ಲೇ ಅತಿ ಶ್ರೇಷ್ಠ ಆಟಗಾರ ಆಗಬಹುದು ಅಂತ 2013ರಲ್ಲಿ ಸ್ವತಃ ಆಗಿನ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಹೇಳಿದರು. ಹೇಳಿದ್ದು ಯಾರೋ ಪತ್ರಕರ್ತ ಅಲ್ಲ, ಫರ್ಗುಸನ್! ಆಮೇಲೆ ಒಂದರ ಮೇಲೊಂದು ಗಾಯ, ಮೊಣಕಾಲು ಕೈಕೊಟ್ಟಿತು, 2023ರಲ್ಲಿ ಕ್ಲಬ್ ಬಿಟ್ಟ, 2024ರಲ್ಲಿ ನಿವೃತ್ತಿ ಹೇಳಿದಾಗ 32 ವರ್ಷ. ಜನ ಅವನ ಮುಖದ ಮೀಮ್ ಮಾಡಿ ನಕ್ಕರು, ಆ ನೋವು ಯಾರಿಗೂ ಕಾಣಲಿಲ್ಲ.

ಯೋರೊ 2024ರ ಜುಲೈನಲ್ಲಿ ಫ್ರಾನ್ಸಿನ ಲಿಲ್ ಕ್ಲಬ್‌ನಿಂದ ಬಂದಾಗ ವಯಸ್ಸು 18. ಬಂದ ತಿಂಗಳೇ ಆರ್ಸೆನಲ್ ಎದುರಿನ ಅಭ್ಯಾಸ ಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು, ಮೊದಲ ಅಧಿಕೃತ ಮ್ಯಾಚ್ ಆಡಿದ್ದು ಡಿಸೆಂಬರ್‌ನಲ್ಲಿ. ವೇಗ ಇದೆ, ಒಬ್ಬರಿಗೊಬ್ಬರು ನಿಂತಾಗ ಗಡಿಬಿಡಿ ಮಾಡಲ್ಲ, ಕಾಲು ಉದ್ದ. ಮೈ ಇನ್ನೂ ತುಂಬಬೇಕು, ಇಂಗ್ಲೆಂಡಿನ ಕಾರ್ನರ್ ಕಿಕ್‌ಗಳಲ್ಲಿ ಅದು ಗೊತ್ತಾಗುತ್ತೆ. ಸದ್ಯ ಒಂದು ಪೂರ್ತಿ ಸೀಸನ್ ಗಾಯ ಇಲ್ಲದೆ ಒಂದೇ ಜಾಗದಲ್ಲಿ ಆಡಲಿ ಅಂತ ಬಯಸಿ, ಅಡ್ಡಿ ಇಲ್ಲ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ಎತ್ತರ 5 ಅಡಿ 6 ಇಂಚು. ಸೆಂಟರ್ ಬ್ಯಾಕ್ ಆಡಬೇಕು ಅಂತ ಹಟ. ಎತ್ತರ ಸಾಲದು, ಮಿಡ್‌ಫೀಲ್ಡ್ ಆಡು ಅಂತ ಕೋಚ್ ಹೇಳ್ತಾರೆ. ಮನೆಯಲ್ಲಿ ದಿನಾ ಅಳು. ಏನು ಮಾಡಲಿ?
— ಒಬ್ಬ ತಾಯಿ, ಗದಗ

ಉತ್ತರ: ಅಮ್ಮಾ, 15ಕ್ಕೆ ಎತ್ತರದ ಲೆಕ್ಕ ಮುಗಿಯೋದಿಲ್ಲ, ತುಂಬಾ ಹುಡುಗರು ಆಮೇಲೂ ಬೆಳೀತಾರೆ. ಬೆಳೆಯದೇ ಇದ್ದರೂ ಪ್ರಪಂಚ ಮುಳುಗಲ್ಲ. ಇಟಲಿಯ ಫ್ಯಾಬಿಯೊ ಕ್ಯಾನವಾರೊ 5 ಅಡಿ 9 ಇಂಚು, ಸೆಂಟರ್ ಬ್ಯಾಕ್‌ಗೆ ಗಿಡ್ಡನೇ. 2006ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದ, ಅದೇ ವರ್ಷ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಕೂಡ ಪಡೆದ. ಅರ್ಜೆಂಟೀನಾದ ಲಿಸಾಂಡ್ರೊ ಮಾರ್ಟಿನೆಜ್ ಅವನಿಗಿಂತ ಕೊಂಚ ಗಿಡ್ಡ, 2022ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ.

ಆದರೂ ಕೋಚ್ ಮಾತು ಕೇಳಿ ಅಂತಲೇ ನಾನು ಹೇಳ್ತೀನಿ. ಅರ್ಜೆಂಟೀನಾದ ಮಸ್ಕೆರಾನೊ ಮಿಡ್‌ಫೀಲ್ಡರ್ ಆಗಿದ್ದವನು, ಬಾರ್ಸಾಕ್ಕೆ ಬಂದ ಮೇಲೆ ಸೆಂಟರ್ ಬ್ಯಾಕ್ ಆದ, ಎತ್ತರ ಐದೂ ಮುಕ್ಕಾಲು ಅಡಿಯೂ ಇಲ್ಲ. ಮಧ್ಯದಲ್ಲಿ ಆಡಿದ ಹುಡುಗನಿಗೆ ನಾಲ್ಕೂ ಕಡೆಯಿಂದ ಒತ್ತಡ ಬರುತ್ತೆ, ತಲೆ ಎತ್ತಿ ನೋಡೋದು ತಾನಾಗೇ ಬರುತ್ತೆ, ಹಿಂದೆ ಬಂದ ಮೇಲೆ ಅದೇ ಉಪಯೋಗಕ್ಕೆ ಬರೋದು. ಮನೆಯಲ್ಲಿ ಗೋಡೆಗೆ ಚೆಂಡು ಹೊಡೆದು ಎಡಗಾಲು ಪಳಗಿಸಲಿ. ಹೆಡರ್‌ನಲ್ಲಿ ಎತ್ತರಕ್ಕಿಂತ ಜಿಗಿಯುವ ಹೊತ್ತು ಮುಖ್ಯ.

ಒಂದು ಎಚ್ಚರಿಕೆ. ನಿಮ್ಮ ಕಡೆ ಎರೆ ಮಣ್ಣಿನ ಮೈದಾನ ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತೆ, ಮಳೆಗಾಲದಲ್ಲಿ ಬೂಟಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತೆ. ಅಲ್ಲಿ ಸ್ಲೈಡಿಂಗ್ ಟ್ಯಾಕಲ್ ಅಭ್ಯಾಸ ಬೇಡ. ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ಗದರಿಸಿ ಕಳಿಸಬೇಡಿ, ಬೆಳೆಯುವ ವಯಸ್ಸಲ್ಲಿ ಅದು ಸಾಮಾನ್ಯ, ವಿಶ್ರಾಂತಿ ಕೊಟ್ಟು ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ರಾತ್ರಿ ಒಂದೂವರೆಗೆ ಎದ್ದು ಯುರೋಪಿನ ಆಟ ನೋಡೋಕಾಗಲ್ಲ. ನಮ್ಮ ದೇಶದ ಸೆಂಟರ್ ಬ್ಯಾಕ್‌ಗಳಲ್ಲಿ ಯಾರನ್ನ ನೋಡಲಿ?
— ಓದುಗರು, ಹಾವೇರಿ

ಉತ್ತರ: ಅನ್ವರ್ ಅಲಿ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದವನು. 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟವೇ ನಿಂತುಹೋಗಿತ್ತು, ಮತ್ತೆ ಬಂದು 2022ರಲ್ಲಿ ಭಾರತದ ಹಿರಿಯರ ತಂಡಕ್ಕೆ ಆಡಿದ. ಹಿಂದಿನಿಂದ ಉದ್ದದ ಪಾಸ್ ಕೊಡೋದರಲ್ಲಿ ನಮ್ಮಲ್ಲಿ ಅವನಷ್ಟು ನಿಖರ ಇನ್ನೊಬ್ಬರಿಲ್ಲ ಅಂತ ನನ್ನ ಅನಿಸಿಕೆ. 2024ರಿಂದ ಈಸ್ಟ್ ಬೆಂಗಾಲ್‌ಗೆ ಆಡಿದ ಮ್ಯಾಚ್‌ಗಳಿಂದ ಶುರು ಮಾಡಿ. ಇಂಡಿಯನ್ ಸೂಪರ್ ಲೀಗ್ ಮ್ಯಾಚ್‌ಗಳು ಸಂಜೆಯ ಹೊತ್ತಿಗೇ ಇರ್ತವೆ, ಊಟಕ್ಕೆ ಕೂತು ನೋಡಬಹುದು.