ಮನ್ರೋಲಪ್ಪ ಎಂಬ ಹೆಸರೂ ಮನ್ರೋ ಹಾಕಿದ ಕಂದಾಯವೂ

ಮಾನ್ಯ ಮೇಷ್ಟ್ರೇ, ನಮಸ್ಕಾರ.

ಬಳ್ಳಾರಿಯಿಂದ ನೀವು ಬರೆದ ಪತ್ರ ತಲುಪಿತು. ಕಳೆದ ಸಂಚಿಕೆಯ ಲೇಖನದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಿಮ್ಮ ಸೀಮೆಯ ಕಲೆಕ್ಟರ್ ಆಗಿದ್ದ ಸರ್ ಥಾಮಸ್ ಮನ್ರೋನನ್ನು ‘ಕಂಪನಿಯ ಬೊಕ್ಕಸ ತುಂಬಿಸಿದ ಅಧಿಕಾರಿ’ ಎಂದದ್ದು ನಿಮಗೆ ನೋವು ತಂದಿದೆ. ಮಂತ್ರಾಲಯದಲ್ಲಿ ರಾಯರೇ ಮಾತಾಡಿಸಿದ ಮನುಷ್ಯನನ್ನು ಹೀಗನ್ನಬಹುದೇ, ಅವನು ಕೆಟ್ಟವನಾಗಿದ್ದರೆ ನಮ್ಮ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪ ಅಂತ ಯಾಕೆ ಹೆಸರಿಡುತ್ತಿದ್ದರು, ಆ ಮಾತನ್ನು ವಾಪಸ್ ತಗೊಳ್ಳಿ ಎಂದು ಕೇಳಿದ್ದೀರಿ.

ಮಂತ್ರಾಲಯದ ಮಾತು ಮೊದಲು. ಮಠದ ಇನಾಮನ್ನು, ಅಂದರೆ ದಾನವಾಗಿ ಬಂದ ಜಮೀನನ್ನು, ಕಂಪನಿ ವಾಪಸ್ ಪಡೆಯಲು ಹೊರಟಾಗ ಮನ್ರೋ ವಿಚಾರಣೆಗೆ ಬಂದ. ಟೋಪಿ, ಬೂಟು ಕಳಚಿ ಬೃಂದಾವನದ ಮುಂದೆ ನಿಂತ. ಬೇರೆ ಯಾರಿಗೂ ಕಾಣದ ರಾಯರ ಜೊತೆ ಮಾತಾಡಿದ, ಇನಾಮನ್ನು ಮಠಕ್ಕೇ ಬಿಟ್ಟುಕೊಟ್ಟ. ತಲೆಮಾರುಗಳಿಂದ ಜನ ನಂಬಿಕೊಂಡು ಬಂದ ಪ್ರಸಂಗ ಇದು. ಅದನ್ನು ನಾನು ವಾದಕ್ಕೆ ಎಳೆಯುವುದಿಲ್ಲ. ನಮ್ಮ ಲೇಖನ ಕೇಳಿದ ಪ್ರಶ್ನೆ ಬೇರೆ. ಮನ್ರೋ ಹಾಕಿದ ಕಂದಾಯ ಕಟ್ಟಿದ ಮೇಲೆ ರೈತನ ಮನೆಯಲ್ಲಿ ಎಷ್ಟು ಕಾಳು ಉಳಿಯಿತು?

ಮನ್ರೋ ಹುಟ್ಟಿದ್ದು 1761ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಅಪ್ಪನದು ಅಮೆರಿಕದ ಜೊತೆ ಹೊಗೆಸೊಪ್ಪಿನ ವ್ಯಾಪಾರ. ಅಲ್ಲಿ ಯುದ್ಧ ಶುರುವಾದ ಮೇಲೆ ಮನೆತನ ದಿವಾಳಿಯಾಯಿತು. ಚಿಕ್ಕಂದಿನಲ್ಲಿ ದಡಾರ ಬಂದು ಕಿವಿ ಮಂದವಾಗಿದ್ದ ಹುಡುಗ 1780ರಲ್ಲಿ ಸಾಮಾನ್ಯ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದ. ಬಂದವನೇ ಹೈದರಾಲಿಯ ವಿರುದ್ಧದ ಯುದ್ಧಕ್ಕೆ ಹೋದ, ಆಮೇಲೆ ಟಿಪ್ಪುವಿನ ವಿರುದ್ಧ. 1792ರಿಂದ ಏಳು ವರ್ಷ ಬಾರಾಮಹಲ್‌ನಲ್ಲಿ, ಅಂದರೆ ಈಗಿನ ಕೃಷ್ಣಗಿರಿ–ಧರ್ಮಪುರಿ ಕಡೆ, ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಕಂದಾಯದ ಕೆಲಸ ಕಲಿತ. ಮಧ್ಯವರ್ತಿಯನ್ನು ಬಿಟ್ಟು ರೈತನ ಜೊತೆಗೇ ನೇರವಾಗಿ ಲೆಕ್ಕ ಮಾಡುವ ರೈತವಾರಿ ಪದ್ಧತಿ ಗಟ್ಟಿಯಾದದ್ದು ಅಲ್ಲೇ.

ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರಲ್ಲಿ ಅವನನ್ನು ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆಯ ಕಲೆಕ್ಟರ್ ಮಾಡಿದರು. ಕರಾವಳಿಯ ಮಳೆ ಅವನಿಗೆ ಹಿಡಿಸಲಿಲ್ಲ, ವರ್ಗ ಮಾಡಿ ಎಂದು ಕೇಳುತ್ತಲೇ ಇದ್ದ. ರೈತರೂ ಸುಲಭಕ್ಕೆ ಬಗ್ಗಲಿಲ್ಲ. ಕೂಟ ಕಟ್ಟಿಕೊಂಡು ಕಚೇರಿಗೇ ಬರುವುದಿಲ್ಲ ಎಂದರು. ವಿಟ್ಲದ ಹೆಗ್ಗಡೆ ದಂಗೆ ಎದ್ದ, ಅವನನ್ನು ಹಿಡಿದು ಗಲ್ಲಿಗೇರಿಸಿದರು. ಮಂತ್ರಾಲಯದ ಕತೆ ಹೇಳುವಾಗ ಈ ಕತೆಯನ್ನೂ ಜೊತೆಗಿಟ್ಟುಕೊಳ್ಳಬೇಕು ಮೇಷ್ಟ್ರೇ. ಅದೇ ಹೊತ್ತಿಗೆ ಹಳೆಯ ಲೆಕ್ಕಗಳನ್ನು ತೆಗೆಸಿ ನೋಡಿ, ಇಲ್ಲಿ ಭೂಮಿ ರಾಜನದ್ದಲ್ಲ, ತಲೆಮಾರುಗಳಿಂದ ಒಕ್ಕಲುಗಳ ಸ್ವಂತದ್ದು ಎಂದು 1800ರಲ್ಲಿ ಮೇಲಿನವರಿಗೆ ಬರೆದವನೂ ಅವನೇ.

ಇನ್ನು ನಿಮ್ಮ ಸೀಮೆ. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಕಡೆಯ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ ಅದರ ಮುಖ್ಯ ಕಲೆಕ್ಟರ್ ಆದ. ಅದಕ್ಕೆ ಮುಂಚಿನ ಸ್ಥಿತಿಯನ್ನು ನೆನೆದರೆ ಮನ್ರೋಲಪ್ಪ ಎಂಬ ಹೆಸರು ಯಾಕೆ ಹುಟ್ಟಿತು ಅಂತ ಅರ್ಥವಾಗುತ್ತದೆ. ಒಬ್ಬರ ಹಿಂದೊಬ್ಬರಂತೆ ದಂಡು ಹಾದುಹೋದ ನೆಲ ಅದು. ಸುಮಾರು ಎಂಬತ್ತು ಪಾಳೆಯಗಾರರು, ಗುತ್ತಿಗೆದಾರರು, ಸವಾರರು, ಎಲ್ಲರೂ ಬಂದು ಕೈಯೊಡ್ಡುವುದು ರೈತನ ಮುಂದೆಯೇ. ಈ ನಾಡಲ್ಲಿ ಮನ್ರೋ ಏಳು ವರ್ಷ ಹೆಚ್ಚುಕಡಿಮೆ ಡೇರೆಯಲ್ಲೇ ಬದುಕಿದ. ಕಾವಲು ದಂಡಿಲ್ಲದೆ ಊರೂರು ಸುತ್ತಿದ. ಗೌಡ, ರೆಡ್ಡಿ, ಶಾನುಭೋಗ, ಒಕ್ಕಲಿಗ ಯಾರು ಬಂದರೂ ಡೇರೆಯ ಮುಂದೆ ಕೂತು ದೂರು ಹೇಳಬಹುದಿತ್ತು. ಕೇಳುವ ದೊರೆಯೇ ಇಲ್ಲದ ಕಡೆ ಒಬ್ಬ ಕೂತು ಕೇಳಿದ. ಜನರ ಪ್ರೀತಿ ಸುಮ್ನೆ ಬಂದದ್ದಲ್ಲ. ಪಾಳೆಯಗಾರರ ವಿಷಯದಲ್ಲಿ ಮಾತ್ರ ಅವನದು ಬಿರುಸು ಕೈ. ಇಷ್ಟು ಕಠಿಣವಾಗಬಾರದಿತ್ತು ಎಂದು ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರೇ ಆಕ್ಷೇಪಿಸಿದರು.

1802ರಿಂದ ಭೂಮಾಪನ ನಡೆಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಹೊಲವನ್ನೂ ಅಳೆದರು. ಆ ಸರಪಳಿಯ ಒಂದು ಚೌಕ ಒಂದು ಗುಂಟೆ, ನಲವತ್ತು ಗುಂಟೆ ಸೇರಿದರೆ ಎಕರೆ. ನಿಮ್ಮ ಪಹಣಿಯಲ್ಲಿ ಇವತ್ತಿಗೂ ಇರುವುದು ಅದೇ ಲೆಕ್ಕ. ತರಿ (ನೀರಾವರಿ), ಖುಷ್ಕಿ (ಮಳೆಯಾಶ್ರಿತ) ಎಂದು ಬೇರೆ ಮಾಡಿ, ಮಣ್ಣು ನೋಡಿ ದರ ಕಟ್ಟಿದರು. ಯಾರ ಹೊಲ, ಎಷ್ಟು ಕಂದಾಯ ಎಂಬುದು ಕಾಗದಕ್ಕೆ ಬಂತು.

ಆ ದರ ಎಷ್ಟಿತ್ತು? ಮನ್ರೋನದೇ ಲೆಕ್ಕದ ಪ್ರಕಾರ ಒಟ್ಟು ಬೆಳೆಯ ನೂರಕ್ಕೆ 45 ಭಾಗ. ಬೀಜ, ಎತ್ತು, ಆಳಿನ ಖರ್ಚು ಕಳೆಯುವ ಮುಂಚಿನ ಮಾತಿದು. ಏಳು ವರ್ಷದಲ್ಲಿ ಆ ಸೀಮೆಯಿಂದ ಕಂಪನಿಗೆ ಬರುವ ಕಂದಾಯ ಸುಮಾರು 10 ಲಕ್ಷ ವರಹದಿಂದ (ಆಗಿನ ಚಿನ್ನದ ನಾಣ್ಯ) 15 ಲಕ್ಷಕ್ಕೆ ಏರಿತು. ಕಂಪನಿಗೆ ಯುದ್ಧದ ಖರ್ಚು ಇತ್ತು, ಮದ್ರಾಸಿನಿಂದ ಒತ್ತಡವೂ ಇತ್ತು. ಇದು ಜಾಸ್ತಿ ಅಂತ ಮನ್ರೋಗೆ ಚೆನ್ನಾಗಿ ಗೊತ್ತಿತ್ತು. 1807ರ ಆಗಸ್ಟ್‌ನಲ್ಲಿ, ಊರಿಗೆ ಹೊರಡುವ ಮುಂಚೆ, ಕಟ್ಟುವ ಕಂದಾಯದಲ್ಲಿ ನೂರಕ್ಕೆ 25 ಭಾಗ ಇಳಿಸಿ, ಬಾವಿ ನೀರಿನ ಜಮೀನಿಗೆ ಇನ್ನೂ 8 ಇಳಿಸಿ ಎಂದು ವರದಿ ಬರೆದ. ಮೇಲಿನವರು ಕೇಳಲಿಲ್ಲ. ರೈತವಾರಿಯನ್ನೇ ಬಿಟ್ಟು ಇಡೀ ಊರನ್ನು ಗುತ್ತಿಗೆಗೆ ಕೊಟ್ಟರು. ಆ ಇಳಿಕೆ ಜಾರಿಗೆ ಬಂದದ್ದು 1820ರಲ್ಲಿ, ಅವನೇ ಮದ್ರಾಸಿನ ಗವರ್ನರ್ ಆದ ಮೇಲೆ. ನಡುವಿನ ಹದಿಮೂರು ವರ್ಷದ ಭಾರ ಹೊತ್ತವರು ಯಾರು ಮೇಷ್ಟ್ರೇ? ನಿಮ್ಮ ಊರಿನ ಹಿರೀಕರೇ ಅಲ್ವಾ?

ಆಮೇಲೂ ಕಷ್ಟ ನೀಗಲಿಲ್ಲ. ಬಾಕಿ ವಸೂಲಿಗೆ ಕಂದಾಯದ ಸಿಬ್ಬಂದಿ ರೈತರಿಗೆ ಚಿತ್ರಹಿಂಸೆ ಕೊಡುತ್ತಿದ್ದರು. ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು, ಬೆನ್ನ ಮೇಲೆ ಕಲ್ಲು ಹೇರುವುದು, ಬೆರಳನ್ನು ಮರದ ಇಕ್ಕಳಕ್ಕೆ ಕೊಡುವುದು. ಇದನ್ನೆಲ್ಲ 1855ರಲ್ಲಿ ಮದ್ರಾಸ್ ಸರ್ಕಾರದ ವಿಚಾರಣಾ ಆಯೋಗವೇ ದಾಖಲಿಸಿತು. ಅಷ್ಟು ಹೊತ್ತಿಗೆ ಮನ್ರೋ ಸತ್ತು 28 ವರ್ಷ. ಆ ಕ್ರೌರ್ಯವನ್ನು ಅವನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಪ್ರತಿ ಹೊಲವೂ ಸರ್ಕಾರದ ಪುಸ್ತಕದಲ್ಲಿ ಇದ್ದುದರಿಂದ ರೈತನಿಗೆ ಬಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಆ ಪುಸ್ತಕ ಬರೆಸಿದವನು ಮನ್ರೋ. ಹಾಗಾಗಿ ನಮ್ಮ ಮಾತನ್ನು ವಾಪಸ್ ತಗೊಳ್ಳಲಾರೆ. ಅದರ ಪಕ್ಕದಲ್ಲಿ, ತಾನೇ ಹಾಕಿದ ಕಂದಾಯವನ್ನು ಇಳಿಸಿ ಎಂದು ಕೇಳಿದವನೂ ಅವನೇ ಎಂಬುದನ್ನು ಸೇರಿಸಿಕೊಳ್ಳಿ.

1817–18ರ ಮರಾಠಾ ಯುದ್ಧದಲ್ಲಿ ಸ್ವಲ್ಪವೇ ಸೈನ್ಯ ಕಟ್ಟಿಕೊಂಡು ಧಾರವಾಡ, ಬಾದಾಮಿ, ಬೆಳಗಾವಿಗಳನ್ನು ಅವನು ಹಿಡಿದ ಕತೆ ದೊಡ್ಡದು, ಇನ್ನೊಮ್ಮೆ ಬರೆಯೋಣ. ಗವರ್ನರ್ ಆಗಿ ಅವನು ಎರಡು ಮುಖದ ಮಾತು ಆಡಿದ. ಭಾರತೀಯರಿಗೆ ದೊಡ್ಡ ಹುದ್ದೆ, ಒಳ್ಳೆ ಸಂಬಳ ಕೊಡದೆ ದೂರ ಇಟ್ಟರೆ ಇಡೀ ಜನಾಂಗ ಕುಗ್ಗುತ್ತದೆ ಎಂದು 1824ರಲ್ಲಿ ಬರೆದ. ಮುಂದೆ ಯಾವತ್ತಾದರೂ ಈ ನಾಡನ್ನು ಇಲ್ಲಿನವರೇ ಆಳುವ ಕಾಲ ಬರುತ್ತದೆ ಎಂದೂ ಬರೆದ. ಅದಕ್ಕೆ ಎರಡು ವರ್ಷ ಮುಂಚೆ, ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡಬಾರದು, ಪರಕೀಯರ ಆಳ್ವಿಕೆಯೂ ಸ್ವತಂತ್ರ ಪತ್ರಿಕೆಯೂ ಒಟ್ಟಿಗೆ ಬಾಳುವುದಿಲ್ಲ ಎಂದಿದ್ದ. ಪತ್ರಿಕೆ ನಡೆಸುವ ನನಗೆ ಆ ಮಾತು ಚುಚ್ಚುತ್ತದೆ.

ರಾಜೀನಾಮೆ ಕೊಟ್ಟು ಊರಿಗೆ ಹೊರಡುವ ಮುಂಚೆ ನಿಮ್ಮ ಸೀಮೆಯನ್ನು ಇನ್ನೊಮ್ಮೆ ನೋಡಬೇಕೆಂದು ಬಂದ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು, ಆಮೇಲೆ ಅಸ್ಥಿಯನ್ನು ಮದ್ರಾಸಿನ ಕೋಟೆಯೊಳಗಿನ ಚರ್ಚಿಗೆ ಒಯ್ದರು.

ನೀವು ಮೇಷ್ಟ್ರು, ಆದ್ದರಿಂದ ಒಂದು ವಿಷಯ ಹೇಳಲೇಬೇಕು. 1822ರಲ್ಲಿ ಮನ್ರೋ ಎಲ್ಲ ಕಲೆಕ್ಟರುಗಳಿಂದ ಊರ ಶಾಲೆಗಳ ಲೆಕ್ಕ ತರಿಸಿದ. ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳು ಸಿಕ್ಕವು. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆಗಳೇ 235, ತೆಲುಗಿನವು 226. ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ವಿಲಾಯತಿ ಬಟ್ಟೆ ಬಂದು ನೇಕಾರರು ಬಡವಾದರು, ದುಡ್ಡು ನಾಡು ಬಿಟ್ಟು ಹೋಗುತ್ತಿದೆ, ಮೇಷ್ಟ್ರಿಗೆ ಕೊಡಲು ತಂದೆತಾಯಿಯ ಬಳಿ ಏನೂ ಇಲ್ಲ, ಅದಕ್ಕೇ ಶಾಲೆಗಳು ಸೊರಗುತ್ತಿವೆ ಎಂದು ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ನೇರವಾಗಿ ಬರೆದ. ಜಿಲ್ಲೆಗೆ ಎರಡು, ತಾಲ್ಲೂಕಿಗೊಂದು ಶಾಲೆ ಸರ್ಕಾರವೇ ನಡೆಸಲಿ ಎಂದು 1826ರಲ್ಲಿ ಮನ್ರೋ ಹೇಳಿದ. ಕೆಲವು ಶುರುವಾದವು. ಅವನು ಸತ್ತ ಹತ್ತು ವರ್ಷದೊಳಗೆ ಸರ್ಕಾರ ಅವುಗಳ ಕೈಬಿಟ್ಟಿತು. ಮುಂದಿನ ಸಂಚಿಕೆಯಲ್ಲಿ ಕ್ಯಾಂಬೆಲ್‌ನ ಆ ವರದಿಯನ್ನು ಕನ್ನಡದಲ್ಲಿ ಪೂರ್ತಿ ಕೊಡುತ್ತೇವೆ. ಓದಿ ಬರೆಯಿರಿ.

ನಿಮ್ಮ,
ಸಂಪಾದಕ