ಅಮ್ಮನನ್ನು ಹೊತ್ತುಕೊಂಡು ಮಹಡಿ ಹತ್ತಬೇಡಿ

ಅಮ್ಮನಿಗೆ ಸ್ಟ್ರೋಕ್ ಆಗಿದೆ, ಗಾಲಿಕುರ್ಚಿಯಲ್ಲೇ ಇರುತ್ತಾರೆ, ವಿಭಾಗ ಪತ್ರಕ್ಕೆ ಸಹಿ ಹಾಕಿಸಲು ಸಬ್ ರಿಜಿಸ್ಟ್ರಾರ್ ಕಚೇರಿಯ ಮಹಡಿ ಹತ್ತಿಸಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ದಯವಿಟ್ಟು ಹತ್ತಿಸಬೇಡಿ.

1908ರ ನೋಂದಣಿ ಕಾಯ್ದೆಯಲ್ಲಿ 38ನೇ ಕಲಂ ಇದೆ. ದೇಹದ ತೊಂದರೆಯಿಂದ ಕಚೇರಿಗೆ ಬರುವುದು ಅಪಾಯ ಅಥವಾ ತುಂಬಾ ಕಷ್ಟ ಅನ್ನುವವರು ಖುದ್ದಾಗಿ ಬರಬೇಕಿಲ್ಲ. ಅಧಿಕಾರಿಯೇ ಮನೆಗೆ ಹೋಗಬೇಕು, ಇಲ್ಲವೇ ಕಮಿಷನ್ ಹೊರಡಿಸಬೇಕು, ಅಂದರೆ ತಮ್ಮ ಪರವಾಗಿ ವಿಚಾರಿಸಲು ಬೇರೊಬ್ಬರನ್ನು ನೇಮಿಸಬೇಕು.

ನನಗೆ ಇದು ಗೊತ್ತಾಗಿದ್ದು ತಡವಾಗಿ. ನಾನು ಸಕಲೇಶಪುರದ ಕಡೆಯವನು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲಿಗೆ ಬಲವಿಲ್ಲ. ನಮ್ಮ ತೋಟ ಭಾಗ ಆದಾಗ ಆಷಾಢದ ಮಳೆ, ಕಚೇರಿಯ ಮೆಟ್ಟಿಲೆಲ್ಲ ಒದ್ದೆ. ಪತ್ರ ಬರೆಯುವವರ ಹತ್ತಿರ ಕೆಲಸಕ್ಕಿದ್ದ ಇಬ್ಬರು ಹುಡುಗರು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹತ್ತಿದರು. ತಿರುವಿನಲ್ಲಿ ಕುರ್ಚಿ ವಾಲಿತು. ಗೋಡೆಗೆ ಅಂಗೈ ಒತ್ತಿ ಹಿಡಿದುಕೊಂಡೆ. ಪಾಪ, ಹುಡುಗರು ಒಳ್ಳೆಯವರೇ. ಆದರೆ ನನ್ನ ಪಾಲಿನ ಜಮೀನಿಗೆ ಸಹಿ ಹಾಕಲು ಕಾಫಿ ಮೂಟೆಯ ಹಾಗೆ ಹೋಗಬೇಕಾಯ್ತಲ್ಲ, ಆ ನೋವು ಇವತ್ತಿಗೂ ಇದೆ. ಮನೆಗೆ ಬರುತ್ತಾರೆ ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ.

ಆಮೇಲೆ ದೊಡ್ಡಮ್ಮನ ದಾನಪತ್ರದ ಹೊತ್ತಿಗೆ ಸರಿಯಾಗಿ ಮಾಡಿದೆವು. ಕಲಂ ಹೆಸರಿಸಿ ಅರ್ಜಿ ಬರೆದು, ಡಾಕ್ಟರ ಚೀಟಿ ಜೊತೆಗಿಟ್ಟೆವು. ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದ್ದರೆ ಅದರ ನಕಲನ್ನೂ ಇಡಿ, ಇಲ್ಲದಿದ್ದರೂ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮನೆಗೆ ಬರುವುದಕ್ಕೆ ಶುಲ್ಕ ಇರುತ್ತದೆ, ಕಟ್ಟಿ ರಸೀದಿ ತಗೊಳ್ಳಿ. ‘ಆಗಲ್ಲ’ ಅಂದರೆ ಜಗಳ ಬೇಡ, ಕಾರಣ ಬರೆದು ಹಿಂಬರಹ ಕೊಡಿ ಅಂತ ಕೇಳಿ. ನಮಗೂ ಮೊದಲು ಆಗಲ್ಲ ಅಂದಿದ್ದರು. ಹಿಂಬರಹ ಕೇಳಿದ ಮೇಲೆ ದಿನ ಗೊತ್ತು ಮಾಡಿದರು.

ಒಂದು ಮಾತು ಮುಖ್ಯ. ಬಂದ ಅಧಿಕಾರಿ ನಮ್ಮನ್ನು ಬಿಟ್ಟು ದೊಡ್ಡಮ್ಮನನ್ನೇ ಕೇಳಿದರು: ಪತ್ರದಲ್ಲಿ ಏನಿದೆ ಗೊತ್ತಾ, ಒಪ್ಪಿಗೆ ಇದೆಯಾ? ಅದು ಸರಿಯೇ ಅಲ್ವಾ? ನಿಮ್ಮ ಅಮ್ಮನಿಗೂ ಮೊದಲೇ ಪತ್ರವನ್ನು ನಿಧಾನವಾಗಿ ಓದಿ ಹೇಳಿ. ಸ್ಟ್ರೋಕ್‌ನಿಂದ ಮಾತು ತೊಡರುತ್ತಿದ್ದರೆ, ತಲೆಯಾಡಿಸಿ ಅಥವಾ ಬರೆದು ಉತ್ತರಿಸುತ್ತಾರೆ ಅಂತ ಅರ್ಜಿಯಲ್ಲೇ ತಿಳಿಸಿ. ಸುಮ್ನೆ ಜಿ.ಪಿ.ಎ. (ಅವರ ಪರವಾಗಿ ಬೇರೆಯವರು ಸಹಿ ಹಾಕುವ ಅಧಿಕಾರ ಪತ್ರ) ಮಾಡಿಸಿಬಿಡಿ ಅನ್ನುವವರು ಸಿಗುತ್ತಾರೆ. ನನ್ನ ಕೇಳಿದರೆ ಬೇಡ. ಅಮ್ಮನ ಪಾಲು, ಅಮ್ಮನೇ ಸಹಿ ಹಾಕಲಿ.

ಬೇರೆ ಕಚೇರಿಗಳ ಕೆಲಸಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ನಿಯಮ ಬಂದ 5 ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ನಮ್ಮಂಥವರು ಬಳಸುವ ಹಾಗೆ ಆಗಬೇಕು ಅಂತ ಅದರ 45ನೇ ಕಲಂ ಹೇಳುತ್ತದೆ. ನಿಯಮ ಬಂದಿದ್ದು 2017ರಲ್ಲಿ, ಅಂದರೆ ಗಡುವು ಮುಗಿದೇ ಹೋಗಿದೆ. ಕಣ್ಣು ಕಾಣದ ರಾಜೀವ್ ರತೂರಿ ಅವರು ಹೂಡಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಕಟ್ಟಡ ಹೇಗಿರಬೇಕು ಅನ್ನುವ ಮಾನದಂಡ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ರ‍್ಯಾಂಪ್ ಇದೆ ಅಂತ ತೋರಿಸಿದರೂ ಇಳಿಜಾರು ನೋಡಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಭಯ ಇರುತ್ತದೆ.

ದೊಡ್ಡಮ್ಮ ಅವತ್ತು ತಮ್ಮ ಮಂಚದ ಮೇಲೆ ಕೂತೇ ಹೆಬ್ಬೆಟ್ಟು ಒತ್ತಿದರು. ಬಂದವರಿಗೆ ಕಾಫಿ ಕೊಡಿ ಅಂತ ಅವರೇ ಒಳಗೆ ಕೂಗಿ ಹೇಳಿದರು. ಅರ್ಜಿ ಬರೆಯುವಾಗ ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ, ಹೇಳುತ್ತೇನೆ.