ಓದುಗರ ಪ್ರಶ್ನೆ: ಮುರಕಲ್ಲಿನ ನಾಡಿನಲ್ಲಿ ಭೂಗೋಳದ ಪಾಠ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಅಧ್ಯಾಪಕರು ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನಿಮ್ಮ ಪಾಠದ ಕ್ರಮವನ್ನು ಬದಲಿಸಿದ ಸಂದರ್ಭ ಯಾವುದಾದರೂ ಇದೆಯೇ? (ಉಪ್ಪಳದ ಓದುಗರು)

ಉತ್ತರ: ಇದೆ, ಅದು ನನಗೆ ಸ್ವಲ್ಪ ನಾಚಿಕೆ ತಂದ ಸಂದರ್ಭವೂ ಹೌದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇರಾನಿನ ಕನಾತ್‌ಗಳ ಬಗ್ಗೆ, ಅಂದರೆ ಬೆಟ್ಟದ ಬುಡದ ಅಂತರ್ಜಲವನ್ನು ಇಳಿಜಾರಾದ ಸುರಂಗದ ಮೂಲಕ ಊರಿಗೆ ಹರಿಸುವ ಪದ್ಧತಿಯ ಬಗ್ಗೆ, ಹಲಗೆಯ ತುಂಬ ಚಿತ್ರ ಬರೆದು ಉತ್ಸಾಹದಿಂದ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಇದು ನಮ್ಮ ಮನೆಯ ಹಿಂದೆ ಉಂಟು" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮುಂದಿನ ಶನಿವಾರ ಅವನ ತೋಟಕ್ಕೆ ಹೋಗಿ ನೋಡಿದಾಗ ನಗುವುದಕ್ಕೆ ಏನೂ ಇರಲಿಲ್ಲ.

ಗುಡ್ಡೆಯ ಮಗ್ಗುಲಿನಲ್ಲಿ ಒಬ್ಬನೇ ನುಗ್ಗುವಷ್ಟು ಅಗಲದ ಬಾಯಿ. ಒಳಗೆ ಹೆಗಲು ಎರಡೂ ಕಡೆಯ ಮುರಕಲ್ಲಿಗೆ, ಅಂದರೆ ನಮ್ಮ ಕಡೆಯ ರಂಧ್ರಗಳುಳ್ಳ ಕೆಂಪು ಕಲ್ಲಿಗೆ, ಉಜ್ಜುತ್ತಿತ್ತು, ಗೋಡೆಯಲ್ಲಿ ಪಿಕ್ಕಾಸಿನ ಏಟುಗಳು ನಿನ್ನೆ ಹೊಡೆದಂತೆ ಕಾಣುತ್ತಿದ್ದವು, ಪಾದ ಮುಳುಗುವಷ್ಟು ತಣ್ಣನೆಯ ನೀರು ಸದ್ದಿಲ್ಲದೆ ಹೊರಗೆ ಹರಿಯುತ್ತಿತ್ತು. ಕೊನೆಯಲ್ಲಿ ಟಾರ್ಚು ಹಿಡಿದಾಗ ಕೆಂಪು ಕಲ್ಲು ಮುಗಿದು ಬಿಳಿಯ ಶೇಡಿ ಮಣ್ಣು ಕಾಣಿಸಿಕೊಂಡಿತು. ನೀರು ಜಿನುಗುತ್ತಿದ್ದದ್ದು ಅವೆರಡೂ ಕೂಡುವ ಗೆರೆಯಲ್ಲಿಯೇ. ಮುರಕಲ್ಲಿನ ರಂಧ್ರಗಳಲ್ಲಿ ಇಳಿದ ಮಳೆನೀರು ಜೇಡಿಯಂಥ ಶೇಡಿಯನ್ನು ದಾಟಲಾರದೆ ಅದರ ಮೇಲೆ ನಿಲ್ಲುತ್ತದೆ, ಸುರಂಗ ಅದಕ್ಕೊಂದು ದಾರಿ ಮಾಡಿಕೊಡುತ್ತದೆ ಎಂಬ ಮಾತನ್ನು ಆ ಹುಡುಗನ ಅಜ್ಜ ನನಗಿಂತ ಚೆನ್ನಾಗಿ ಹೇಳಿದರು. ತೋಡುವಾಗ ಹಚ್ಚಿಟ್ಟುಕೊಂಡ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದರಂತೆ. ಹೊರಗೆ ಬಂದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಹಾಯಿಸಿ ಕೆರೆಗೆ ಬಿಟ್ಟಿದ್ದರು; ಪಂಪಿಲ್ಲ, ಕರೆಂಟಿಲ್ಲ. ಅಂದಿನಿಂದ ನಾನು ಅಂತರ್ಜಲದ ಪಾಠವನ್ನು ಸುರಂಗದಿಂದ ಆರಂಭಿಸಿ ಇರಾನಿಗೆ ಹೋಗುತ್ತಿದ್ದೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ ಎನ್ನುತ್ತಾರೆ. ಆದರೂ ಏಪ್ರಿಲಿನಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ. ಇದು ಹೇಗೆ? (ಬದಿಯಡ್ಕದ ಓದುಗರು)

ಉತ್ತರ: ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ಎಷ್ಟು ಹೊತ್ತು ನಮ್ಮಲ್ಲಿ ನಿಂತಿತು ಎಂದು ಕೇಳಬೇಕು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಇಲ್ಲಿ ಗುಡ್ಡೆಗೂ ಕಡಲಿಗೂ ನಡುವೆ ಜಾಗವೇ ಕಡಿಮೆ. ಜಿಲ್ಲೆಯ ಹೊಳೆಗಳಲ್ಲೆಲ್ಲ ಉದ್ದವಾದ ಚಂದ್ರಗಿರಿಯೇ 105 ಕಿ.ಮೀ., ಮಂಜೇಶ್ವರ ಹೊಳೆಯಂತೂ ಬರೇ 16 ಕಿ.ಮೀ. ಜೊತೆಗೆ ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಇಳಿಜಾರಿನ ಕಡೆಗೆ ಬೇಗ ಬಿಟ್ಟೂ ಬಿಡುತ್ತದೆ. ಹಿಂದಿನವರು ಇದನ್ನು ಬಲ್ಲವರಾಗಿ ಮಳೆಗಾಲ ಮುಗಿದೊಡನೆ ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು; ಏತಡ್ಕದ ಕಡೆ ಹೋದರೆ ಆ ಕಟ್ಟಗಳನ್ನು ಈಗಲೂ ನೋಡಬಹುದು. ಕಟ್ಟದಲ್ಲಿ ನಿಂತ ನೀರು ಇಕ್ಕೆಲದ ಬಾವಿಗಳಿಗೆ ಒಸರಾಗಿ ಬರುತ್ತದೆ. ನಾವು ಕಟ್ಟ ಬಿಟ್ಟು ಕೊಳವೆಬಾವಿ ಹಿಡಿದೆವು. ನಿಮ್ಮ ಮನೆಯ ಕೆಳಗಿನ ತೋಡಿನಲ್ಲಿ ಡಿಸೆಂಬರಿನಲ್ಲಿ ನೀರು ಹರಿಯುತ್ತಿದ್ದರೆ, ನೆರೆಯವರನ್ನು ಕೂಡಿಸಿ ಈ ವರ್ಷವೇ ಒಂದು ಕಟ್ಟ ಹಾಕಿಸಿ ನೋಡಿ.

ಪ್ರಶ್ನೆ: ಮಗಳು ಭೂಗೋಳದಲ್ಲಿ ಎಂ.ಎ. ಮಾಡಿ ಕಾಲೇಜು ಅಧ್ಯಾಪಕಿಯಾಗಬೇಕೆಂದಿದ್ದಾಳೆ. ಸಾಧ್ಯವೇ? (ಮುಳ್ಳೇರಿಯದ ತಂದೆಯೊಬ್ಬರು)

ಉತ್ತರ: ಸಾಧ್ಯ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ ಬೇಕು, ಸಾಮಾನ್ಯವಾಗಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಕೇರಳದ ಸರ್ಕಾರಿ ಕಾಲೇಜುಗಳಿಗೆ ನೇಮಕ ಪಿ.ಎಸ್.ಸಿ. (ರಾಜ್ಯದ ಲೋಕಸೇವಾ ಆಯೋಗ) ಮೂಲಕ ನಡೆಯುತ್ತದೆ. ಹುದ್ದೆಗಳು ಕಡಿಮೆಯಾದ್ದರಿಂದ ಜಿ.ಐ.ಎಸ್. (ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಭೂಮಾಹಿತಿಯನ್ನು ನಿರ್ವಹಿಸುವ ತಂತ್ರ) ಮತ್ತು ಉಪಗ್ರಹ ಚಿತ್ರಗಳ ವಿಶ್ಲೇಷಣೆಯನ್ನೂ ಕಲಿತಿರಲಿ, ಕಾಯುವ ವರ್ಷಗಳಲ್ಲಿ ಕೈ ಬರಿದಾಗುವುದಿಲ್ಲ.

ಪ್ರಶ್ನೆ: ನೀವು ಮಾಡಿದ ಪ್ರವಾಸಗಳಲ್ಲಿ ಇಂದಿಗೂ ನೆನಪಿನಲ್ಲಿ ಉಳಿದದ್ದು ಯಾವುದು? (ಮಂಜೇಶ್ವರದ ಓದುಗರು)

ಉತ್ತರ: ಹಿಮಾಲಯ ಎಂದು ಹೇಳುತ್ತೇನೆಂದು ನೀವು ಎಣಿಸಿರಬಹುದು. ನನಗೆ ಉಳಿದದ್ದು ಎರಡು ಸಣ್ಣ ಪ್ರವಾಸಗಳು. ಒಂದು ಮಲಪ್ಪುರಂ ಜಿಲ್ಲೆಯ ಅಂಗಡಿಪ್ಪುರಂ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಮುರಕಲ್ಲನ್ನು ಅಲ್ಲಿಯೇ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕೊಯ್ಯಬಹುದಾದಷ್ಟು ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಅದರ ಗುಣ ಅವನನ್ನು ಬೆರಗುಗೊಳಿಸಿತ್ತು; ನಮ್ಮ ಕಲ್ಲುಕೋರೆಯ ಕೆಲಸದವರಿಗೆ ಅದು ಬೆರಗಿನ ವಿಷಯವೇ ಆಗಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1979ರಲ್ಲಿ ಅಲ್ಲಿ ನಿಲ್ಲಿಸಿದ ಸ್ಮಾರಕವನ್ನು ಅದೇ ಕಲ್ಲಿನಿಂದ ಕಟ್ಟಿದ್ದಾರೆ. ನಾನು ಫೋಟೋ ತೆಗೆಯುತ್ತಿದ್ದಾಗ ದಾರಿಹೋಕರೊಬ್ಬರು ನಿಂತು, ನಿಮ್ಮ ಊರಿನಲ್ಲಿ ಈ ಕಲ್ಲು ಇಲ್ಲವೇ ಎಂದು ಮಲೆಯಾಳದಲ್ಲಿ ಕನಿಕರದಿಂದ ವಿಚಾರಿಸಿದರು.

ಇನ್ನೊಂದು ಬೀದರ್. ನೌಬಾದಿನ ಕರೇಜ್ ಬಹಮನಿ ಸುಲ್ತಾನರ ಕಾಲದ್ದು, ಇರಾನಿನ ಕನಾತಿನ ನೇರ ಸಂಬಂಧಿ: ಉದ್ದದ ಸುರಂಗ, ನಡುನಡುವೆ ಮೇಲಿನಿಂದ ಇಳಿದ ಬಾವಿಗಳು. ನನ್ನ ಅಚ್ಚರಿಗೆ ಅದನ್ನು ತೋಡಿದ್ದೂ ಮುರಕಲ್ಲಿನಲ್ಲೇ. ಆದರೆ ಬೀದರಿನಲ್ಲಿ ಬೀಳುವ ಮಳೆ ನಮ್ಮದರ ಮೂರನೇ ಒಂದು ಪಾಲೂ ಅಲ್ಲ, ಮತ್ತು ಅದನ್ನು ಮಾಡಿಸಿದ್ದು ಒಂದು ರಾಜ್ಯ. ನಮ್ಮ ಸುರಂಗಕ್ಕೆ ಸಾಮಾನ್ಯವಾಗಿ ಮೇಲಿನ ಬಾವಿಗಳಿಲ್ಲ. ಅದನ್ನು ತೋಡಿದ್ದು ತನ್ನ ಅಡಿಕೆ ಸಸಿಗೆ ನೀರು ಬೇಕಾದ ಒಬ್ಬ ಕೃಷಿಕ. ಕಲ್ಲು ಒಂದೇ ಆದರೂ ಸುರಂಗಗಳು ಬೇರೆಯಾದದ್ದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಪ್ರಶ್ನೆ: ನಿವೃತ್ತಿಯ ನಂತರದ ಹವ್ಯಾಸವೇನು? (ಕುಂಬಳೆಯ ಓದುಗರು)

ಉತ್ತರ: ಸರ್ವೇ ಇಲಾಖೆಯ 1:50,000 ಪ್ರಮಾಣದ ಹಾಳೆಗಳನ್ನು ಹರಡಿಕೊಂಡು ಊರ ಹೆಸರು ಹುಡುಕುವುದು. ಅಡ್ಕ ಎಂದರೆ ತುಳುವಿನಲ್ಲಿ ಬೇಸಾಯವಿಲ್ಲದ ಒಣ ಬಯಲು. ಬದಿಯಡ್ಕ, ಏತಡ್ಕ ಎಂಬ ಹೆಸರು ಕಂಡಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ದೂರದೂರ ಸರಿದಿವೆಯೇ, ಅಂದರೆ ನೆಲ ಸಮತಟ್ಟಾಗಿದೆಯೇ ಎಂದು ನೋಡುತ್ತೇನೆ. ಹೊಂದದಿದ್ದ ದಿನ ಛತ್ರಿ ಹಿಡಿದು ಬಸ್ ಹತ್ತುತ್ತೇನೆ. ಕಳೆದ ವಾರ ಹೀಗೆಯೇ ಹೋದಾಗ ನಕ್ಷೆಯಲ್ಲಿ ಖಾಲಿ ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು, ಎಂದು ತೋರಿಸಿದ್ದ ಜಾಗದಲ್ಲಿ ರಬ್ಬರು ತೋಟವಿತ್ತು, ನಡುವೆ ಒಂದು ಹಳೆಯ ಪಳ್ಳ (ನೀರು ನಿಲ್ಲುವ ತಗ್ಗು) ಇನ್ನೂ ನೀರು ಹಿಡಿದುಕೊಂಡಿತ್ತು. ಅದರ ಹೆಸರು ಕೇಳಿದರೆ ತೋಟದ ಕೆಲಸದವರಿಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸೊನ್ನೆ ಮಾತ್ರ ಸುತ್ತಿ ಬಂದಿದ್ದೇನೆ. ಆ ಕಡೆಯ ಹಿರಿಯರು ಯಾರಾದರೂ ಓದುತ್ತಿದ್ದರೆ, ಬದಿಯಡ್ಕ ಪೇಟೆಯ ಪೂರ್ವಕ್ಕಿರುವ ಪಳ್ಳಗಳ ಹೆಸರುಗಳನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.